ಪ್ರತಿಪಕ್ಷದ ಶಾಸಕ ಮತ್ತು ಸರ್ಕಾರದ ಉತ್ತರದಾಯಿತ್ವ

ಶಾಸನಸಭೆಯ ಪಾಠವನ್ನು ವ್ಯಾಖ್ಯೆಗಳಿಂದ ಆರಂಭಿಸುವ ಬದಲು, ಗಡಿಭಾಗದ ಹಳ್ಳಿಗಳಲ್ಲಿ ಚುನಾವಣೆ ಮುಗಿದ ಮೇಲೆ ಕೇಳಿಬರುವ ಒಂದು ಮಾತಿನಿಂದ ಆರಂಭಿಸುವುದು ಉಚಿತ: “ನಮ್ಮ ಎಮ್ಮೆಲ್ಲೆ ಸರ್ಕಾರದ ಕಡೆಯವರಲ್ಲ, ಇನ್ನು ಐದು ವರ್ಷ ನಮ್ಮೂರ ಕೆಲಸ ಆಗೋದಿಲ್ಲ.” ಮಕ್ಕಳು ಈ ಮಾತನ್ನು ಮನೆಯಿಂದಲೇ ಶಾಲೆಗೆ ತರುತ್ತಾರೆ. 2023ರ ಚುನಾವಣೆಯಲ್ಲಿ ನಾರಾಯಣಖೇಡ ಮತ್ತು ತಾಂಡೂರು ಕ್ಷೇತ್ರಗಳು ಆಡಳಿತಕ್ಕೆ ಬಂದ ಪಕ್ಷದ ಅಭ್ಯರ್ಥಿಗಳನ್ನು ಆರಿಸಿದವು. ಜಹೀರಾಬಾದ್ ಪ್ರತಿಪಕ್ಷದಲ್ಲಿ ಕುಳಿತ ಪಕ್ಷದ ಅಭ್ಯರ್ಥಿಯನ್ನು ಆರಿಸಿತು. ಹಾಗಾದರೆ ಮೂರು ನೆರೆಯೂರುಗಳಲ್ಲಿ ಎರಡಕ್ಕೆ ಮಾತ್ರ ಪ್ರತಿನಿಧಿ ಇದ್ದಾರೆಯೇ, ಮೂರನೆಯದರ ಮತ ವ್ಯರ್ಥವಾಯಿತೇ? ಪಾಠವು ಈ ಪ್ರಶ್ನೆಯಿಂದಲೇ ಹುಟ್ಟಬೇಕು.

ಸಂವಿಧಾನದ 164ನೇ ವಿಧಿಯ ಪ್ರಕಾರ ರಾಜ್ಯದ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಇಲ್ಲಿ ‘ವಿಧಾನಸಭೆ’ ಎಂದರೆ ಆಡಳಿತ ಪಕ್ಷ ಮಾತ್ರವಲ್ಲ. ತೆಲಂಗಾಣದ 119 ಸದಸ್ಯರಲ್ಲಿ 60 ಮಂದಿಯ ಬೆಂಬಲವಿದ್ದರೆ ಸರ್ಕಾರ ನಡೆಯುತ್ತದೆ. ಆದರೆ ಅದು ಉತ್ತರ ಕೊಡಬೇಕಾದದ್ದು 119 ಮಂದಿಗೂ. ತಮ್ಮದೇ ಸರ್ಕಾರವನ್ನು ಬಹಿರಂಗವಾಗಿ ಪ್ರಶ್ನಿಸಲು ಆಡಳಿತ ಪಕ್ಷದ ಸದಸ್ಯರು ಹಿಂಜರಿಯುವುದು ಸಹಜ. ಆದ್ದರಿಂದ ಆ ಕೆಲಸದ ಹೆಚ್ಚಿನ ಭಾರ ಎದುರಿನ ಸಾಲಿನ ಮೇಲೆ ಬೀಳುತ್ತದೆ.

ಜಹೀರಾಬಾದಿನ ಮಟ್ಟಿಗೆ ಇದು ಹೊಸ ಸಂಗತಿಯೂ ಅಲ್ಲ. ಈ ಕ್ಷೇತ್ರವನ್ನು ದೀರ್ಘಕಾಲ ಪ್ರತಿನಿಧಿಸಿದ ಕಾಂಗ್ರೆಸ್ಸಿನ ಎಂ. ಬಾಗಾ ರೆಡ್ಡಿಯವರು, 1980ರ ದಶಕದಲ್ಲಿ ಎನ್.ಟಿ. ರಾಮರಾವ್ ಅವರ ತೆಲುಗುದೇಶಂ ಸರ್ಕಾರವಿದ್ದಾಗ, ಆಂಧ್ರಪ್ರದೇಶ ವಿಧಾನಸಭೆಯಲ್ಲಿ ಪ್ರತಿಪಕ್ಷದ ನಾಯಕರಾಗಿದ್ದರು. ಗಡಿಯ ಒಂದು ಸಣ್ಣ ಪಟ್ಟಣದ ಶಾಸಕರು ಇಡೀ ರಾಜ್ಯದ ಸರ್ಕಾರದ ಎದುರು ನಿಲ್ಲುವ ಪೀಠದಲ್ಲಿದ್ದರು ಎಂಬುದನ್ನು ಅಲ್ಲಿಯ ಮಕ್ಕಳಿಗೆ ತಿಳಿಸಬೇಕು.

ಕನ್ನಡ ನಾಡಿನಲ್ಲಿ ಈ ಬಗೆಯ ಕೆಲಸಕ್ಕೆ ಎಲ್ಲರೂ ನೆನೆಯುವ ಹೆಸರು ಶಾಂತವೇರಿ ಗೋಪಾಲಗೌಡರದು. 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಅವರು ಸಮಾಜವಾದಿ ಪಕ್ಷದವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ತಕರಾರು, ಉಳುವವನಿಗೆ ಭೂಮಿಯ ಮೇಲೆ ಹಕ್ಕಿದೆಯೇ ಎಂಬ ದೊಡ್ಡ ಪ್ರಶ್ನೆಯಾಗಿ ಬೆಳೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿ ಪಾಲ್ಗೊಂಡಿದ್ದ ಗೋಪಾಲಗೌಡರು ಮರುವರ್ಷವೇ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು. ಚುನಾವಣೆಗೆ ಹಣವಿರಲಿಲ್ಲ, ಮತದಾರರಲ್ಲಿ ಒಂದು ವೋಟು ಮತ್ತು ಒಂದು ನೋಟು ಕೇಳಿದ ಅವರ ಪ್ರಚಾರ ಇಂದಿಗೂ ಮಲೆನಾಡಿನ ನೆನಪಿನಲ್ಲಿದೆ.

99 ಸದಸ್ಯರ ಆ ಸಭೆಯಲ್ಲಿ ಕಾಂಗ್ರೆಸ್ಸಿಗೆ 74 ಸ್ಥಾನಗಳಿದ್ದವು. ಸಮಾಜವಾದಿಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಮತಕ್ಕೆ ಹಾಕಿದ ಯಾವ ವಿಷಯದಲ್ಲೂ ಗೆಲ್ಲುವ ಸಾಧ್ಯತೆ ಅವರಿಗಿರಲಿಲ್ಲ. ಗೋಪಾಲಗೌಡರು 1957ರಲ್ಲಿ ಸೋತರು. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಎಂದೂ ಮಂತ್ರಿಯಾಗಲಿಲ್ಲ. ಆದರೂ ಗೇಣಿದಾರರ ಹಕ್ಕು, ಆಡಳಿತದಲ್ಲಿ ಕನ್ನಡದ ಬಳಕೆ, ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಎಂಬ ವಿಷಯಗಳನ್ನು ಅವರು ಸದನದಲ್ಲಿ ಬಿಡದೆ ಎತ್ತಿದರು. 1972ರ ಜೂನ್ 9ರಂದು ಅವರು ತೀರಿಕೊಂಡಾಗ ಇವುಗಳಲ್ಲಿ ಎರಡು ಇನ್ನೂ ಈಡೇರಿರಲಿಲ್ಲ: ಉಳುವವನಿಗೆ ಒಡೆತನ ನೀಡುವ ಕಾನೂನು ಮತ್ತು ರಾಜ್ಯದ ಹೆಸರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ಎರಡನ್ನೂ ಮಾಡಿದ್ದು ಅವರು ಜೀವನವಿಡೀ ಎದುರಿಸಿದ ಪಕ್ಷದ ಸರ್ಕಾರ, ದೇವರಾಜ ಅರಸರ ಮುಖ್ಯಮಂತ್ರಿತ್ವದಲ್ಲಿ. ಇದರ ಶ್ರೇಯಸ್ಸು ಗೋಪಾಲಗೌಡರೊಬ್ಬರದೇ ಎನ್ನುವುದು ಇತಿಹಾಸಕ್ಕೆ ಮಾಡುವ ಅಪಚಾರವಾದೀತು; ಬೀದಿಯಲ್ಲಿ ನಿಂತ ಗೇಣಿದಾರರೂ, ಆಡಳಿತ ಪಕ್ಷದೊಳಗಿನ ಸುಧಾರಕರೂ ಅದರಲ್ಲಿದ್ದಾರೆ. ಆದರೆ ಸೋಲುವುದು ಖಚಿತವಿದ್ದರೂ ಒಂದು ವಿಷಯವನ್ನು ಸದನದ ಕಡತದಿಂದ ಮರೆಯಾಗಲು ಬಿಡದಿರುವುದು ಒಂದು ಕೆಲಸವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇನ್ನು ಸಾಧನಗಳ ವಿಚಾರ. ಅವಿಶ್ವಾಸ ನಿರ್ಣಯ, ನಿಲುವಳಿ ಸೂಚನೆ, ಸಭಾತ್ಯಾಗ ಇವು ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. ಮಕ್ಕಳಿಗೂ ಅವು ಬೇಗ ನೆನಪಿರುತ್ತವೆ. ನಿತ್ಯದ ಕೆಲಸ ನಡೆಯುವುದು ಪ್ರಶ್ನೋತ್ತರ ವೇಳೆಯಲ್ಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು. ಅದರ ಬೆನ್ನಿಗೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಶಾಸಕರು ಪ್ರಶ್ನೆ ಕಳುಹಿಸಿದೊಡನೆ ಅದು ಇಲಾಖೆಗೆ ಹೋಗುತ್ತದೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಮಂಡಲದ ಕಚೇರಿಗೆ. ಎಷ್ಟೋ ದಿನಗಳಿಂದ ಕದಲದ ಕಡತವನ್ನು ಯಾರೋ ಒಬ್ಬ ಗುಮಾಸ್ತರು ಹುಡುಕಿ ತೆಗೆಯುತ್ತಾರೆ. ಉತ್ತರ ಸದನಕ್ಕೆ ಬರುವ ಮೊದಲೇ ಪ್ರಶ್ನೆಯು ತನ್ನ ಅರ್ಧ ಕೆಲಸವನ್ನು ಮಾಡಿರುವುದುಂಟು.

ಆದರೆ ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಜಾರಿಕೊಳ್ಳುತ್ತದೆ. ‘ಕನ್ನಡ ಶಾಲೆಗಳನ್ನು ಸರ್ಕಾರ ಕಡೆಗಣಿಸಿರುವುದು ನಿಜವೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಒಂದೇ ಪದದ ಉತ್ತರ ಬಂದು ವಿಷಯ ಅಲ್ಲಿಗೇ ಮುಗಿಯುತ್ತದೆ. ಅದನ್ನೇ ಹೀಗೆ ಕೇಳಬಹುದು: (ಅ) ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಎಷ್ಟು, ಅವುಗಳಿಗೆ ಮಂಜೂರಾದ ಶಿಕ್ಷಕರ ಹುದ್ದೆಗಳೆಷ್ಟು, ಖಾಲಿ ಇರುವವೆಷ್ಟು? (ಆ) ಈ ಸಾಲಿನ ಕನ್ನಡ ಪಠ್ಯಪುಸ್ತಕಗಳು ಮಂಡಲ ಕೇಂದ್ರಗಳನ್ನು ತಲುಪಿದ ದಿನಾಂಕಗಳು ಯಾವುವು? (ಇ) ಖಾಲಿ ಹುದ್ದೆಗಳನ್ನು ಯಾವ ತಿಂಗಳೊಳಗೆ ತುಂಬಲಾಗುವುದು? ಸಂಖ್ಯೆ, ದಿನಾಂಕ, ಗಡುವು ಈ ಮೂರಕ್ಕೂ ‘ಇಲ್ಲ’ ಎಂಬುದು ಉತ್ತರವಾಗದು. ‘ಪರಿಶೀಲನೆಯಲ್ಲಿದೆ’ ಎಂದು ಬಂದರೆ ಉಪಪ್ರಶ್ನೆಗೆ ದಾರಿ ತೆರೆಯುತ್ತದೆ. ‘ಮಾಡುತ್ತೇವೆ’ ಎಂದು ಮಂತ್ರಿ ಹೇಳಿದರೆ ಅದು ಸದನದಲ್ಲಿ ಕೊಟ್ಟ ಭರವಸೆ. ಅಂಥ ಭರವಸೆಗಳು ಈಡೇರಿದವೇ ಎಂದು ನೋಡಲು ಶಾಸಕರದೇ ಒಂದು ಸಮಿತಿ ಇರುತ್ತದೆ.

ಇಲ್ಲಿ ಶಿಕ್ಷಕರು ಒಂದು ಅಂಶವನ್ನು ಒತ್ತಿ ಹೇಳಬೇಕು. ಇಂಥ ಪ್ರಶ್ನೆ ಬರೆಯಲು ಬೇಕಾದ ವಿವರ ಹೈದರಾಬಾದಿನಲ್ಲಿ ಇರುವುದಿಲ್ಲ. ಪುಸ್ತಕ ಬಂದ ದಿನ ಶಾಲೆಯ ದಾಖಲೆಯಲ್ಲಿರುತ್ತದೆ, ತೊಗರಿ ಖರೀದಿ ಕೇಂದ್ರ ಬಾಗಿಲು ತೆರೆದ ದಿನ ತಾಂಡೂರಿನ ರೈತರಿಗೆ ಗೊತ್ತಿರುತ್ತದೆ.

ಪ್ರಶ್ನೆ ಕೇಳುವ ಅವಕಾಶವೇ ಇಲ್ಲದ ದಾರಿಯಲ್ಲಿ ಸರ್ಕಾರ ನಡೆದರೆ ಏನಾಗುತ್ತದೆ? ಇದಕ್ಕೂ ಜಹೀರಾಬಾದ್ ಭಾಗದಲ್ಲೇ ಉದಾಹರಣೆಯಿದೆ. ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳ ಹಳ್ಳಿಗಳಲ್ಲಿ ಸುಮಾರು 12,600 ಎಕರೆಗಳ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕಾಗಿ, ಜನ ‘ನಿಮ್ಜ್’ ಎಂದು ಕರೆಯುವ ಯೋಜನೆಗಾಗಿ, ಭೂಮಿ ಪಡೆಯುವ ಕೆಲಸ ನಡೆದಿತ್ತು. ಭೂಸ್ವಾಧೀನದ ಬಗ್ಗೆ ಸಂಸತ್ತು 2013ರಲ್ಲಿ ಮಾಡಿದ ಕಾಯ್ದೆಯು ಭೂಮಾಲೀಕರಿಗಷ್ಟೇ ಅಲ್ಲದೆ, ಆ ಭೂಮಿಯನ್ನು ನಂಬಿ ಬದುಕುವ ಕೂಲಿಕಾರರಿಗೂ ಪುನರ್ವಸತಿಯ ಹಕ್ಕು ಕೊಟ್ಟಿದೆ. ತೆಲಂಗಾಣ ಸರ್ಕಾರವು 2015ರ ಜುಲೈ 30ರಂದು 123ನೇ ಸಂಖ್ಯೆಯ ಆದೇಶ ಹೊರಡಿಸಿ, ಮಾಲೀಕರಿಂದ ನೇರವಾಗಿ ಭೂಮಿ ಕೊಳ್ಳುವ ದಾರಿ ಮಾಡಿಕೊಂಡಿತು. ಇದು ‘ಜೀವೋ’, ಮಸೂದೆಯಲ್ಲ. ಮಸೂದೆಯಾದರೆ ಸದನದಲ್ಲಿ ಮಂಡನೆಯಾಗಬೇಕು, ಪ್ರತಿಯೊಂದು ಕಲಮನ್ನೂ ಪ್ರತಿಪಕ್ಷ ಪ್ರಶ್ನಿಸಬಹುದು, ತಿದ್ದುಪಡಿ ಸೂಚಿಸಬಹುದು. ಆದೇಶಕ್ಕೆ ಅದಾವುದೂ ಬೇಕಿಲ್ಲ. ಸಚಿವಾಲಯದ ಸಹಿ ಸಾಕು.

ಆ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಈ ವಲಯದ ಹಳ್ಳಿಗಳ ಕೃಷಿ ಕೂಲಿಕಾರರಿದ್ದರು. ಅವರ ವಾದ ಸರಳವಾಗಿತ್ತು: ನೇರ ಖರೀದಿಯಲ್ಲಿ ಹಣ ಮಾಲೀಕನಿಗೆ ಸಿಗುತ್ತದೆ, ಭೂಮಿಯಿಲ್ಲದ ನಮಗೆ ಕೆಲಸ ಹೋಗುತ್ತದೆ, ಪರಿಹಾರ ಬರುವುದಿಲ್ಲ. 2016ರ ಆಗಸ್ಟ್ 3ರಂದು ಏಕಸದಸ್ಯ ಪೀಠವು ಆದೇಶವನ್ನು ರದ್ದುಗೊಳಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಪ್ರತಿಪಕ್ಷಗಳೂ ಇದನ್ನು ರಾಜ್ಯದ ದೊಡ್ಡ ವಿಷಯವಾಗಿ ಎತ್ತಿಕೊಂಡಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರವು ಭೂಸ್ವಾಧೀನ ಕಾಯ್ದೆಗೆ ರಾಜ್ಯದ ತಿದ್ದುಪಡಿಯನ್ನು ಮಸೂದೆಯ ರೂಪದಲ್ಲಿ ವಿಧಾನಸಭೆಗೆ ತಂದಿತು. ಪ್ರತಿಪಕ್ಷಗಳ ಆಕ್ಷೇಪದ ನಡುವೆ, ಬಹುಮತವಿದ್ದುದರಿಂದ, ಮಸೂದೆ ಅಂಗೀಕಾರವಾಯಿತು. ಪ್ರತಿಪಕ್ಷ ಸೋತಿತು, ನಿಜ. ಆದರೆ ಸಚಿವಾಲಯದ ಒಂದು ಕೋಣೆಯಲ್ಲಿ ತೀರ್ಮಾನವಾಗಿದ್ದ ವಿಷಯದ ಮೇಲೆ ಸರ್ಕಾರ ಸದನದಲ್ಲಿ ಎದ್ದುನಿಂತು ಸಮರ್ಥನೆ ಕೊಡಬೇಕಾಯಿತು. ಯಾರು ಏನು ಹೇಳಿದರೆಂಬುದು ಕಲಾಪದ ದಾಖಲೆಗೆ ಸೇರಿತು. ಆದೇಶಕ್ಕೂ ಕಾನೂನಿಗೂ ಇರುವ ವ್ಯತ್ಯಾಸವನ್ನು ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ವಿವರಿಸಲು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಭಾಷೆಯ ಪ್ರಶ್ನೆಗೂ ಇದೇ ಸದನವೇ ಬಾಗಿಲು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ, ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮತ್ತು ನ್ಯಾಲಕಲ್ ವಲಯ, ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ಹಾಗೂ ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ದಿನ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಭಾಷಿಕ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂಬ 350-ಎ ವಿಧಿ ಆ ತಿದ್ದುಪಡಿಯಿಂದಲೇ ಬಂದಿತು. ಗಡಿ ಬದಲಾದ ದಿನವೇ ಗಡಿಯ ಮಕ್ಕಳಿಗೆ ಒಂದು ಮಾತು ಕೊಡಲಾಯಿತು ಎಂದರ್ಥ. ಆ ಮಾತು ಎಲ್ಲಿಯವರೆಗೆ ನಡೆಯಿತು ಎಂದು ವರ್ಷವರ್ಷವೂ ಸದನದಲ್ಲಿ ಕೇಳುವವರು ಬೇಕು. 2018ರಲ್ಲಿ ತೆಲಂಗಾಣವು ಎಲ್ಲ ಶಾಲೆಗಳಲ್ಲಿ ತೆಲುಗು ಬೋಧನೆಯನ್ನು ಕಡ್ಡಾಯಗೊಳಿಸುವ ಕಾಯ್ದೆ ಮಾಡಿತು. ಅನ್ಯಭಾಷಾ ಮಾಧ್ಯಮದ ಶಾಲೆಗಳಲ್ಲಿ ಅದು ಹೇಗೆ ಜಾರಿಯಾಗುತ್ತದೆ, ಪಾಠದ ಅವಧಿಗಳು ಎಲ್ಲಿಂದ ಬರುತ್ತವೆ, ಶಿಕ್ಷಕರು ಯಾರು ಎಂಬವು ದ್ವೇಷದ ಪ್ರಶ್ನೆಗಳಲ್ಲ, ಉತ್ತರದಾಯಿತ್ವದ ಪ್ರಶ್ನೆಗಳು.

ಸದನದಲ್ಲಿ ಕನ್ನಡದಲ್ಲೇ ಮಾತನಾಡಬಹುದೇ ಎಂದು ಮಕ್ಕಳು ಕೇಳಿದರೆ 210ನೇ ವಿಧಿಯನ್ನು ತೋರಿಸಬೇಕು: ನಿಗದಿತ ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಲೋಕಸಭೆಗೂ ಇಂಥದೇ ನಿಯಮವಿದೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿಬಂದ ಪ್ರತಿಪಕ್ಷದ ಸದಸ್ಯ ಜೆ.ಎಚ್. ಪಟೇಲರು ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಆಗ ಸಭಾಧ್ಯಕ್ಷರಾಗಿದ್ದವರು ತೆಲುಗು ನಾಡಿನ ನೀಲಂ ಸಂಜೀವ ರೆಡ್ಡಿ.

ಪ್ರತಿಪಕ್ಷದ ಸಾಲು ಬರಿದಾಗುವ ಅಪಾಯವನ್ನೂ ಪಾಠದಲ್ಲಿ ಮುಚ್ಚಿಡಬಾರದು. ಗಣಿತದ ಲೆಕ್ಕವಾಗಿಯೇ ಇದನ್ನು ಹೇಳಬಹುದು. 2018ರ ಚುನಾವಣೆಯಲ್ಲಿ ತೆಲಂಗಾಣದಲ್ಲಿ ಕಾಂಗ್ರೆಸ್ 19 ಸ್ಥಾನ ಗೆದ್ದಿತು. ಒಬ್ಬರು ಲೋಕಸಭೆಗೆ ಹೋಗಿ 18 ಉಳಿದರು. ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯ ಪ್ರಕಾರ ವಿಲೀನಕ್ಕೆ ಮೂರನೇ ಎರಡರಷ್ಟು ಸದಸ್ಯರು ಬೇಕು. 18ರ ಮೂರನೇ ಎರಡು ಎಷ್ಟು? 2019ರ ಜೂನಿನಲ್ಲಿ ಆಡಳಿತ ಪಕ್ಷದೊಡನೆ ವಿಲೀನವಾದವರು ಸರಿಯಾಗಿ 12 ಮಂದಿ. ತಾಂಡೂರಿನ ಶಾಸಕರೂ ಅವರಲ್ಲೊಬ್ಬರು. ಉಳಿದ ಆರು ಮಂದಿಯೊಡನೆ ಮಲ್ಲು ಭಟ್ಟಿ ವಿಕ್ರಮಾರ್ಕರು ಪ್ರತಿಪಕ್ಷ ನಾಯಕನ ಸ್ಥಾನವನ್ನು ಕಳೆದುಕೊಂಡರು. 2023ರಲ್ಲಿ ಪಾತ್ರಗಳು ಅದಲುಬದಲಾದವು; ಈ ಸಲ ಸೋತ ಪಕ್ಷದ ಹತ್ತು ಶಾಸಕರು ಗೆದ್ದ ಪಕ್ಷದತ್ತ ಹೋದರೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರು ತಿಂಗಳೊಳಗೆ ತೀರ್ಮಾನಿಸುವಂತೆ ನ್ಯಾಯಾಲಯವು 2025ರ ಜುಲೈ 31ರಂದು ಸಭಾಧ್ಯಕ್ಷರಿಗೆ ಸೂಚಿಸಿತು. ಎರಡೂ ಉದಾಹರಣೆಗಳನ್ನು ಒಟ್ಟಿಗೇ ಹೇಳಬೇಕು. ಒಂದನ್ನು ಮಾತ್ರ ಹೇಳಿದರೆ ಪಾಠ ಪಕ್ಷದ ಪ್ರಚಾರವಾಗುತ್ತದೆ.

ಪಾಠದ ಕೊನೆಯ ಅವಧಿಯಲ್ಲಿ ತರಗತಿಯೇ ಸದನವಾಗಲಿ. ಒಂದು ಸಾಲು ಮಂತ್ರಿಗಳದು, ಒಂದು ಸಾಲು ಪ್ರಶ್ನಿಸುವವರದು, ಒಬ್ಬ ವಿದ್ಯಾರ್ಥಿ ಸಭಾಧ್ಯಕ್ಷ. ಪ್ರಶ್ನಿಸುವವರು ಹಿಂದಿನ ದಿನವೇ ಊರಿನಲ್ಲಿ ವಿಚಾರಿಸಿ ಒಂದು ಸಂಖ್ಯೆ ಅಥವಾ ಒಂದು ದಿನಾಂಕವನ್ನು ತಂದಿರಬೇಕು. ಅದಿಲ್ಲದ ಪ್ರಶ್ನೆಯನ್ನು ಸಭಾಧ್ಯಕ್ಷರು ಹಿಂದಿರುಗಿಸಬಹುದು. ಅರ್ಧ ಅವಧಿ ಕಳೆದ ಮೇಲೆ ಎರಡೂ ಸಾಲಿನವರು ಜಾಗ ಬದಲಾಯಿಸಿಕೊಳ್ಳಲಿ. ಮೊದಲು ಪ್ರಶ್ನೆ ಕೇಳಿದವರು ತಮ್ಮದೇ ಪ್ರಶ್ನೆಗಳಿಗೆ ಈಗ ಉತ್ತರ ಕೊಡಬೇಕಾಗುತ್ತದೆ.