ಒಳ್ಳೆ ಎಲೆ ಬಂದಾಗಲೂ ಡ್ರಾಪ್

ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿನ ಬಾಡೂಟ ಮುಗಿಯುತ್ತಲೇ ನಮ್ಮ ಕೋಲಾರ ಸೀಮೆಯ ಮನೆಗಳಲ್ಲಿ ಇಸ್ಪೀಟು ಹೊರಬರುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ತೋಪಿನಲ್ಲಿ, ಮಾಲೂರಿನ ನಮ್ಮ ಮನೆಯಲ್ಲಿ ಜಗಲಿಯ ಮೇಲೆ. ಅಂದರ್ ಬಾಹರ್ ನನಗೆ ಬೇಡ, ಅದರಲ್ಲಿ ಯೋಚಿಸಲು ಏನೂ ಇಲ್ಲ. ನನ್ನ ಆಟ 101ರ ರಮ್ಮಿ. ದುಡ್ಡು ಇಡದೆ ಆಡುತ್ತೇವೆ. ಆದರೂ ಔಟ್ ಆಗಿ ಎದ್ದು ಹೋಗುವುದು ಯಾರಿಗೂ ಇಷ್ಟವಿಲ್ಲ.

ಕೈಗೆ ಹದಿಮೂರು ಎಲೆ. ಮೊದಲ ಎಲೆ ಎತ್ತುವ ಮುಂಚೆಯೇ ಡ್ರಾಪ್ ಕೊಟ್ಟರೆ, ಅಂದರೆ ಆ ಸುತ್ತು ಬಿಟ್ಟುಕೊಟ್ಟರೆ, 20 ಪಾಯಿಂಟ್, ಒಮ್ಮೆ ಎತ್ತಿದ ಮೇಲೆ 40. ಜೋಕರ್ ಸೇರಿಸದ ಸರಣಿ, ಅಂದರೆ ಒರಿಜಿನಲ್, ಆಗುವ ಮುಂಚೆ ಇನ್ನೊಬ್ಬರು ಆಟ ಮುಗಿಸಿ ಶೋ ಹೊಡೆದರೆ ಕೈಲಿರುವುದೆಲ್ಲ ಎಣಿಕೆಗೆ ಬರುತ್ತದೆ, 80ರವರೆಗೆ. ಆ 80ಕ್ಕೆ ಫುಲ್ ಎನ್ನುತ್ತೇವೆ. ಮೊತ್ತ 101 ಮುಟ್ಟಿದವರು ಔಟ್.

ಎರಡು ಜೋಕರ್, ಮೂರು ರಾಜ, ಎರಡು ರಾಣಿ, ಉಳಿದದ್ದು ಒಂದಕ್ಕೊಂದು ಸೇರದ ಎಲೆ. ನೋಡಿದ ತಕ್ಷಣ ಆಡಬೇಕೆನಿಸುತ್ತದೆ. ಮುಳಬಾಗಿಲಿನ ನಮ್ಮ ದೊಡ್ಡಪ್ಪ ಇಂಥ ಎಲೆ ಕಂಡರೆ, "ಒರಿಜಿನಲ್‌ಗೆ ದಾರಿ ಐತಾ ನೋಡು ಮಗ. ಇಲ್ದಿದ್ರೆ ಇಟ್ಬಿಡು" ಎನ್ನುತ್ತಿದ್ದರು. ಜೋಕರ್ ಎಷ್ಟಿದ್ದರೂ ಒರಿಜಿನಲ್ ಆಗುವುದಿಲ್ಲ, ರಾಜ ರಾಣಿಯರು ತಲಾ ಹತ್ತು. ಅದೇ ಇಸ್ಪೀಟಿನ ಐದು, ಆರು ಜೊತೆಗಿದ್ದರೆ ನಾಲ್ಕಾದರೂ ಏಳಾದರೂ ಸಾಕು. ಉಳಿದದ್ದು ಸಾಧಾರಣವಾಗಿದ್ದರೂ ಅಂಥದ್ದನ್ನು ನಾನು ಆಡುತ್ತೇನೆ.

ಒಳ್ಳೆ ಎಲೆ ಬಿಡಬೇಕೇ ಎಂಬ ಚರ್ಚೆ ಪೋಕರ್ ಟೂರ್ನಿಗಳಲ್ಲೂ ಇದೆ. ಶುರುವಿನಲ್ಲೇ ಒಳ್ಳೆ ಎಲೆ ನಂಬಿ ಚಿಪ್ಸ್ ಎಲ್ಲ ಇಟ್ಟು ಸೋತರೆ ನೇರ ಮನೆಗೆ. ಆದರೆ ಅಲ್ಲಿ ಗೆದ್ದರೆ ಚಿಪ್ಸ್ ಇಮ್ಮಡಿಯಾಗಬಹುದು. ನಮ್ಮ ಆಟದಲ್ಲಿ ಗೆದ್ದವನ ಲೆಕ್ಕಕ್ಕೆ ಸೇರುವುದು ಸೊನ್ನೆ, ಅಷ್ಟೆ. ಹಾಗಾಗಿ ಬಿಡುವುದಕ್ಕೆ ಇಲ್ಲಿ ಇನ್ನೂ ಹೆಚ್ಚು ಕಾರಣವಿದೆ ಎಂದು ನನ್ನ ನಂಬಿಕೆ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಬಹುಮಟ್ಟಿಗೆ ಕೌಶಲದ ಆಟವೆಂದಾಗ ಕೊಟ್ಟ ಕಾರಣಗಳೂ ಬಿದ್ದ ಎಲೆಯ ನೆನಪು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬ ಜಾಣ್ಮೆ.

ಸೊನ್ನೆಯಲ್ಲಿರುವವನು ಒಂದು ಡ್ರಾಪ್, ಒಂದು ಫುಲ್ ಎರಡನ್ನೂ ತಾಳುತ್ತಾನೆ, 100ಕ್ಕೆ ನಿಂತು ಉಳಿಯುತ್ತಾನೆ. ಎರಡು ಡ್ರಾಪ್ ಕೊಟ್ಟು 40ಕ್ಕೆ ಬಂದವನಿಗೆ ಒಂದೇ ಫುಲ್ ಸಾಕು, ಆಟ ಮುಗಿಯಿತು. ಅದಕ್ಕೇ ಮೊದಲನೇ ಡ್ರಾಪ್ ಅಗ್ಗ, ಎರಡನೆಯದು ದುಬಾರಿ. ಮೊದಲನೆಯದನ್ನು ನಾನು ಹಿಂಜರಿಯದೆ ಕೊಡುತ್ತೇನೆ, ಎರಡನೆಯದಕ್ಕೆ ಮುಂಚೆ ಉಳಿದವರ ಪಾಯಿಂಟ್ ಕೇಳುತ್ತೇನೆ. ಎದುರಿನವರು 85, 90ರಲ್ಲಿದ್ದರೆ ಅವರಿಗೆ ಡ್ರಾಪ್ ಕೊಟ್ಟರೂ ಔಟ್. ಎಂಥ ಎಲೆ ಬಂದರೂ ಆಡಲೇಬೇಕು. ಆಗ ಅರೆಬರೆ ಎಲೆಯಲ್ಲೂ ಕೂತು ಆಡುವುದಕ್ಕೆ ಅರ್ಥವಿದೆ, ನಾನು ಶೋ ಹೊಡೆದರೆ ಅವರಲ್ಲಿ ಒಬ್ಬಿಬ್ಬರು ಏಳುತ್ತಾರೆ.