ಆಡಳಿತ ಫಲಕದ ಕನ್ನಡ: ಹಂಚಿಕೆ ಕಚೇರಿಯ ಗಣಕಪರದೆಯ ಮರುವಿನ್ಯಾಸದಲ್ಲಿ ಭಾಷೆಯ ಪಾತ್ರ

‘ಡ್ಯಾಶ್‌ಬೋರ್ಡ್’ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆಗಾಡಿಯ ಮುಂಭಾಗದ ಒಂದು ಹಲಗೆಯ ಹೆಸರು. ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಗಾಡಿಯಲ್ಲಿ ಕುಳಿತವರ ಮೇಲೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ. ಮುಂದೆ ಅದು ಮೋಟಾರು ವಾಹನದಲ್ಲಿ ವೇಗಮಾಪಕವನ್ನು ಕೂರಿಸಿದ ಫಲಕಕ್ಕೆ ಸಂದಿತು. ಈಗ ಸಂಸ್ಥೆಯೊಂದರ ವ್ಯವಹಾರವನ್ನು ಒಂದೇ ನೋಟದಲ್ಲಿ ಕಾಣಿಸುವ ಗಣಕಪರದೆಗೆ ಸಲ್ಲುತ್ತಿದೆ. ಕನ್ನಡದ ‘ಕಡತ’ವೂ ಇಂಥದೇ ಹಾದಿ ಸವೆಸಿದ ಪದ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸದ ಅಭ್ಯಾಸಿಗಳಿಗೆ ಸುಪರಿಚಿತ. ಇಂದಿನ ಕಡತ ಕಾಗದದ ಫೈಲು. ಆಡಳಿತದ ಉಪಕರಣ ಬದಲಾದಾಗ ಅದರ ಭಾಷೆಯಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆಯನ್ನು ಹಂಚಿಕೆ ಕಚೇರಿಗಳ ಆಡಳಿತ ಫಲಕವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಬಿಡಿ ಉದ್ಯೋಗಿಗಳಿಗೂ ಸಣ್ಣ ಸಂಸ್ಥೆಗಳಿಗೂ ಮೇಜು, ಸಭಾಕೊಠಡಿಗಳನ್ನು ತಿಂಗಳಿಗೋ ದಿನಕ್ಕೋ ಗಂಟೆಗೋ ಬಾಡಿಗೆಗೆ ಒದಗಿಸುವ ಈ ವ್ಯವಸ್ಥೆ ಕೋ-ವರ್ಕಿಂಗ್ ಎಂಬ ಹೆಸರಿನಲ್ಲಿ 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಾಡ್ ನ್ಯೂಬರ್ಗ್ ಅವರಿಂದ ಆರಂಭಗೊಂಡು, ಮುಂದಿನ ದಶಕದಲ್ಲಿ ಬೆಂಗಳೂರಿನಲ್ಲಿಯೂ ಬೇರೂರಿತು. ಇದರ ಆಡಳಿತ ಫಲಕವನ್ನು ನೋಡುವವರು ಮಾಲೀಕರು ಮಾತ್ರವೆಂಬ ಗ್ರಹಿಕೆ ಸರಿಯಲ್ಲ. ಮಾಲೀಕರು ಅದನ್ನು ವಾರಕ್ಕೊಮ್ಮೆ ನೋಡಿದರೆ, ಸ್ವಾಗತ ಮೇಜಿನವರು, ಲೆಕ್ಕ ಬರೆಯುವವರು, ಸ್ವಚ್ಛತೆಯ ಮೇಲ್ವಿಚಾರಕರು ದಿನವಿಡೀ ಅದರೊಡನೆ ಒಡನಾಡುತ್ತಾರೆ. ಇವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೂ ಇರುತ್ತಾರೆ. ಒಂದೇ ಕೊಠಡಿಯನ್ನು ಇಬ್ಬರಿಗೆ ಕೊಟ್ಟ ಪ್ರಮಾದ ನಡೆದಾಗ ಉತ್ತರ ಹೇಳಬೇಕಾದವರು ಇವರೇ. ಪರದೆಯ ಮೇಲಿನ ಪದ ಅಸ್ಪಷ್ಟವಾಗಿದ್ದರೆ ಅದರ ಬೆಲೆ ತೆರುವವರೂ ಇವರೇ. ಮರುವಿನ್ಯಾಸವೆಂದರೆ ಬಣ್ಣ, ಚಿತ್ರಗಳ ಬದಲಾವಣೆಯೆಂದು ತಿಳಿಯುವ ವಾಡಿಕೆಯಲ್ಲಿ ಈ ಅಂಶ ಮರೆಯಾಗುತ್ತದೆ.

ಇಂಥ ಫಲಕಗಳ ನೆತ್ತಿಯಲ್ಲಿ ಸಾಮಾನ್ಯವಾಗಿ ದೊಡ್ಡ ಅಂಕಿಯಲ್ಲಿ ಕಾಣುವ ‘ಆಕ್ಯುಪೆನ್ಸಿ’ಯನ್ನೇ ನೋಡಬಹುದು. 120 ಆಸನಗಳಿರುವ ಕಚೇರಿಯಲ್ಲಿ 96 ಆಸನಗಳಿಗೆ ತಿಂಗಳ ಬಾಡಿಗೆ ಒಪ್ಪಂದವಾಗಿದ್ದು, ಮಧ್ಯಾಹ್ನದ ಹೊತ್ತಿಗೆ 54 ಮಂದಿ ಮಾತ್ರ ಬಂದು ಕುಳಿತಿದ್ದಾರೆಂದು ಭಾವಿಸಿದರೆ, ಆ ಒಂದು ಪದಕ್ಕೆ 80 ಪ್ರತಿಶತವೂ ಉತ್ತರ, 45 ಪ್ರತಿಶತವೂ ಉತ್ತರ. ಮೊದಲನೆಯದು ಮಾಲೀಕರಿಗೆ ಬೇಕಾದದ್ದು. ಎರಡನೆಯದು ಚಹಾ, ವಿದ್ಯುತ್ತು, ಶುಚಿತ್ವಗಳ ಏರ್ಪಾಟು ಮಾಡುವವರಿಗೆ ಬೇಕಾದದ್ದು. ಇದನ್ನು ‘ಅಧಿಭೋಗ ಪ್ರಮಾಣ’ ಎಂದು ಅನುವಾದಿಸಿದಾಗ ಗೊಂದಲವೂ ಯಥಾವತ್ತಾಗಿ ಅನುವಾದಗೊಳ್ಳುತ್ತದೆ. ‘ಕೊಟ್ಟ ಆಸನ’, ‘ತುಂಬಿದ ಆಸನ’ ಎಂಬ ಎರಡು ಸಾಲುಗಳು ಸಾಕು. ಕನ್ನಡದ ಕೃದಂತಗಳು ಈ ಭೇದವನ್ನು ಪರಿಭಾಷೆಯ ಭಾರವಿಲ್ಲದೆ ತೋರುತ್ತವೆ.

ಪದಕ್ಕಿಂತ ಮುಖ್ಯವಾದದ್ದು ಪರದೆಯ ಕಟ್ಟಡ. ಅಂಗಡಿ ಲೆಕ್ಕದ ಪರಂಪರೆಯಲ್ಲಿ ಕಿರ್ದಿ ಮತ್ತು ಖಾತೆ ಎರಡು ಬೇರೆ ಪುಸ್ತಕಗಳು. ಆ ದಿನ ನಡೆದದ್ದು ನಡೆದ ಕ್ರಮದಲ್ಲಿ ಕಿರ್ದಿಗೆ ಸೇರುತ್ತದೆ. ಅಲ್ಲಿಂದ ಆಯಾ ವ್ಯಕ್ತಿಯ ಅಥವಾ ಬಾಬಿನ ಖಾತೆಗೆ ಏರುತ್ತದೆ. ಕಿರ್ದಿ ‘ಇಂದು ಏನಾಯಿತು’ ಎಂಬುದಕ್ಕೆ ಉತ್ತರ, ಖಾತೆ ‘ಇವರದು ಎಲ್ಲಿಗೆ ಬಂತು’ ಎಂಬುದಕ್ಕೆ ಉತ್ತರ. ಬಹುಪಾಲು ಆಡಳಿತ ಫಲಕಗಳು ಸೋಲುವುದು ಈ ಎರಡನ್ನೂ ಮೊದಲ ಪರದೆಯಲ್ಲೇ ತುರುಕುವುದರಿಂದ: ವಾರ್ಷಿಕ ವರಮಾನದ ನಕ್ಷೆಯ ಪಕ್ಕದಲ್ಲೇ ಹತ್ತು ನಿಮಿಷದಲ್ಲಿ ತೆರವಾಗಬೇಕಾದ ಕೊಠಡಿಯ ಸೂಚನೆ. ಮೊದಲ ಪರದೆಯನ್ನು ಕಿರ್ದಿಯಾಗಿ ರೂಪಿಸಿದರೆ ಆರಂಭ ಶಿಲ್ಕಿನ ಸ್ಥಾನದಲ್ಲಿ ಬೆಳಗ್ಗೆ ಖಾಲಿಯಿರುವ ಆಸನಗಳು, ನಡುವೆ ದಿನದ ಆಗುಹೋಗುಗಳು, ಕೊನೆಗೆ ಅಖೈರು ಶಿಲ್ಕು ಎಂಬ ಕ್ರಮ ತಾನಾಗಿ ಒದಗುತ್ತದೆ. ಸದಸ್ಯರ ಹೆಸರನ್ನು ಒತ್ತಿದಾಗ ಅವರ ಖಾತೆ ತೆರೆದುಕೊಂಡರಾಯಿತು. ಕಿರ್ದಿ, ಖಾತೆ, ಜಮಾ, ಖರ್ಚು, ಬಾಕಿಗಳೆಲ್ಲ ಪರ್ಷಿಯನ್, ಅರಬ್ಬಿ, ಮರಾಠಿಗಳ ಮೂಲಕ ಬಂದವು. ಆದರೂ ಅಚ್ಚಗನ್ನಡದ ಹೊಸ ಟಂಕಗಳಿಗಿಂತ ಇವೇ ಕನ್ನಡಿಗರ ಕೈಗೆ ಹತ್ತಿರದವು.

ಇದೇ ವಿವೇಕ ‘ಠೇವಣಿ’ಯ ವಿಷಯದಲ್ಲಿಯೂ ಬೇಕು. ಸದಸ್ಯರು ಬಿಟ್ಟುಹೋಗುವಾಗ ಹಿಂದಿರುಗಿಸಬೇಕಾದ ಮೊತ್ತವನ್ನು ‘ಒಟ್ಟು ಸಂಗ್ರಹ’ದಲ್ಲಿ ಕೂಡಿಸಿ ತೋರಿಸಿದರೆ ವರಮಾನ ಉಬ್ಬಿ ಕಾಣುತ್ತದೆ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕಾನೂನು ಕೂಡ ಠೇವಣಿಯನ್ನು ಬಾಡಿಗೆಗೆ ವಜಾ ಮಾಡಿಕೊಳ್ಳುವವರೆಗೆ ಸೇವೆಯ ಪ್ರತಿಫಲವೆಂದು ಎಣಿಸುವುದಿಲ್ಲ.

ವ್ಯಾಕರಣದ ತೊಡಕು ಕಾಣಿಸಿಕೊಳ್ಳುವುದು ಯಂತ್ರವೇ ವಾಕ್ಯ ಹೆಣೆಯಹೊರಟಾಗ. ಇಂಗ್ಲಿಷ್ ವಾಕ್ಯದ ಚೌಕಟ್ಟಿನಲ್ಲಿ ತೆರಪು ಬಿಟ್ಟು ಕೊಠಡಿಯ ಹೆಸರನ್ನು ತುಂಬಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಹತ್ತಬೇಕು: ‘ಕಾವೇರಿ’ ಕಾವೇರಿಯನ್ನು ಆಗುತ್ತದೆ, ‘ತುಂಗಾ’ ತುಂಗೆಯನ್ನು ಆಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ವಿಭಕ್ತಿಗಳನ್ನು ನಿರೂಪಿಸಿದ್ದರೂ ತಂತ್ರಾಂಶಗಳು ಇಂದಿಗೂ ‘ಕಾವೇರಿ ಅನ್ನು’ ಎಂದೇ ಬರೆಯುತ್ತಿವೆ. ಪರಿಹಾರ ಸುಲಭ. ಹೆಸರಿನ ಮುಂದೆ ‘ಕೊಠಡಿ’ ಎಂಬ ಸ್ಥಿರಪದವನ್ನಿರಿಸಿ ಪ್ರತ್ಯಯವನ್ನು ಅದಕ್ಕೆ ಹೊರಿಸಿದರೆ ‘ಕಾವೇರಿ ಕೊಠಡಿಯನ್ನು’, ‘ತುಂಗಾ ಕೊಠಡಿಯನ್ನು’ ಎಂಬ ನಿರ್ದುಷ್ಟ ರೂಪಗಳು ಸಿಗುತ್ತವೆ. ಸಂಖ್ಯೆಯ ವಿಚಾರವೂ ಹೀಗೆಯೇ. ಯೂನಿಕೋಡ್ ಒಕ್ಕೂಟದ ಭಾಷಾದತ್ತಾಂಶದಲ್ಲಿ ಕನ್ನಡದ ಸೊನ್ನೆ ಮತ್ತು ಒಂದು ಏಕವಚನದ ವರ್ಗದಲ್ಲಿಯೇ ಸೇರಿವೆ. ‘ಹತ್ತು ಮೇಜು’ ಎನ್ನಲು ಬಹುವಚನ ಬೇಕಿಲ್ಲ. ಸದಸ್ಯರ ವಿಷಯದಲ್ಲಿ ಮಾತ್ರ ‘ಸೊನ್ನೆ ಸದಸ್ಯ’ ಎನ್ನುವುದಕ್ಕಿಂತ ‘ಯಾರೂ ಇಲ್ಲ’ ಎಂಬುದೇ ಕನ್ನಡ.

ಕ್ರಿಯಾಪದದ ಸಮಸ್ಯೆ ಇದಕ್ಕಿಂತ ಗಹನವಾದುದು. ಕರ್ತೃವಿನ ಲಿಂಗ ತಿಳಿಯದ ತಂತ್ರಾಂಶ ‘ರದ್ದುಪಡಿಸಿದನು’, ‘ರದ್ದುಪಡಿಸಿದಳು’ ಎಂಬುದರ ನಡುವೆ ಆಯ್ಕೆ ಮಾಡಲಾರದೆ ‘ರದ್ದುಪಡಿಸಲಾಗಿದೆ’ ಎಂಬ ಕರ್ಮಣಿ ಪ್ರಯೋಗಕ್ಕೆ ಶರಣಾಗುತ್ತದೆ. ಸರ್ಕಾರಿ ಪತ್ರವ್ಯವಹಾರದ ಕನ್ನಡವನ್ನು ಓದಿದವರಿಗೆ ಈ ರೂಪದ ಅನುಕೂಲ ಗೊತ್ತಿರುವುದೇ: ಕೆಲಸ ಆಗಿದೆ, ಮಾಡಿದವರು ಇಲ್ಲ. ಆಡಳಿತ ಫಲಕದಲ್ಲಿ ಇದು ಕೇವಲ ಶೈಲಿಯ ದೋಷವಲ್ಲ. ಸಂಜೆ ಐದರ ಕೊಠಡಿಯನ್ನು ಸದಸ್ಯರೇ ಬಿಟ್ಟುಕೊಟ್ಟರೇ, ಲೆಕ್ಕದವರು ಬಾಕಿಗಾಗಿ ತಡೆದರೇ, ಅಥವಾ ಹಣ ಬಾರದ್ದರಿಂದ ತಂತ್ರಾಂಶವೇ ಕೈಬಿಟ್ಟಿತೇ ಎಂಬುದು ಆ ವಾಕ್ಯದಿಂದ ತಿಳಿಯದು. ತಿಳಿಯದಿದ್ದಾಗ ಗುಮಾನಿ ಎದುರಿಗೆ ಕುಳಿತ ಸ್ವಾಗತಕಾರರ ಮೇಲೆ ಹೋಗುತ್ತದೆ. ಗೌರವಾರ್ಥಕ ಬಹುವಚನ ಈ ಬಿಕ್ಕಟ್ಟನ್ನು ಬಿಡಿಸಬಲ್ಲದು. ‘ರದ್ದುಪಡಿಸಿದವರು: ಸದಸ್ಯರು’, ‘ರದ್ದುಪಡಿಸಿದವರು: ಲೆಕ್ಕ ವಿಭಾಗ’ ಎಂದಾಗ ಲಿಂಗದ ಪ್ರಶ್ನೆ ಏಳುವುದಿಲ್ಲ, ಕರ್ತೃವೂ ಮರೆಯಾಗುವುದಿಲ್ಲ. ತಂತ್ರಾಂಶವೇ ಕೈಬಿಟ್ಟ ಸಂದರ್ಭದಲ್ಲಿ ‘ಹಣ ಬಾರದೆ ತಾನಾಗಿ ರದ್ದಾಗಿದೆ’ ಎಂಬ ನೇರ ವಾಕ್ಯ ಸಾಲುತ್ತದೆ.

ಲಿಪಿಯ ಬಗೆಗೆ ಒಂದು ಮಾತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಗುಂಡಿಯಲ್ಲಿ ‘ಲೆಕ್ಕಪತ್ರ’ದ ಒತ್ತುಗಳ ತಳ ಕತ್ತರಿಸಿಹೋಗುತ್ತದೆ, ಸಾಲುಗಳ ನಡುವಣ ಅಂತರವನ್ನು ಕನ್ನಡಕ್ಕಾಗಿಯೇ ಹೆಚ್ಚಿಸಬೇಕು. ಬಾಕಿಯನ್ನು ಕೆಂಪು ಬಣ್ಣದಿಂದಷ್ಟೇ ಸೂಚಿಸದೆ ‘ಬಾಕಿ’ ಎಂದು ಬರೆಯುವುದು ವರ್ಣಾಂಧರಿಗೆ ಅನಿವಾರ್ಯ.

ಇನ್ನು ‘ರದ್ದು’ ಮತ್ತು ‘ಅಳಿಸು’. ಹಲವು ಫಲಕಗಳಲ್ಲಿ ಇವೆರಡೂ ಅಕ್ಕಪಕ್ಕದ ಗುಂಡಿಗಳು, ಪರಿಣಾಮ ಮಾತ್ರ ಅಜಗಜಾಂತರ. ಕಡತದ ಬರಹವನ್ನು ಒರಸಿ ಮತ್ತೆ ಬರೆಯಬಹುದಿತ್ತು, ಅದು ಆ ಸಾಧನದ ಗುಣ. ಶಾಯಿಯ ಲೆಕ್ಕದ ಪುಸ್ತಕದಲ್ಲಿ ತಪ್ಪಿದ ನಮೂದಿಗೆ ಗೆರೆ ಎಳೆಯುತ್ತಿದ್ದರೇ ಹೊರತು ಒರಸುತ್ತಿರಲಿಲ್ಲ. ಗೆರೆಯಡಿಯ ಅಂಕಿ ಓದಲು ಸಿಗುತ್ತಿತ್ತು. ಆಡಳಿತ ಫಲಕ ಹಿಡಿಯಬೇಕಾದದ್ದು ಈ ಎರಡನೆಯ ದಾರಿ: ‘ಅಳಿಸು’ ಎಂಬ ಗುಂಡಿಯನ್ನು ದಿನದ ಪರದೆಯಿಂದ ತೆಗೆದುಹಾಕಿ, ರದ್ದಾದ ಸಾಲನ್ನು ಗೆರೆ ಎಳೆದು ಅಲ್ಲಿಯೇ ಉಳಿಸಿ, ಪಕ್ಕದಲ್ಲಿ ರದ್ದುಪಡಿಸಿದವರನ್ನೂ ವೇಳೆಯನ್ನೂ ನಮೂದಿಸುವುದು.