ಮೂಕಚಿತ್ರದ ನಟಿ ಏಣಾಕ್ಷಿ

ಮಕ್ಕಳೇ, ‘ಏಣ’ವೆಂದರೆ ಜಿಂಕೆ, ಏಣಾಕ್ಷಿ ಎಂದರೆ ಜಿಂಕೆಗಣ್ಣಿನವಳು. ಸಿನಿಮಾಕ್ಕೆ ಮಾತು ಬರುವ ಮುನ್ನ ಕಣ್ಣು, ಮುಖ, ಕೈಗಳೇ ಕಥೆ ಹೇಳಬೇಕಿತ್ತು. ಮನೆತನಸ್ಥ ಹೆಣ್ಣುಮಕ್ಕಳು ನಟಿಸಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿ ಏಣಾಕ್ಷಿ ರಾಮರಾವ್ ಮುಂದೆ ಬಂದರು. ತಾಜಮಹಲಿನ ಕಥೆಯುಳ್ಳ ‘ಶಿರಾಜ್’ (1928) ಚಿತ್ರದಲ್ಲಿ ಮುಮ್ತಾಜಳಾದರು. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ ಭವನಾನಿ ತೆಗೆದ ‘ವಸಂತಸೇನಾ’ದಲ್ಲಿ (1931) ನಾಯಕಿಯಾದರು. ನಮ್ಮ ಟಿ. ಪಿ. ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿ ನಟಿಸಿದ್ದರು. ಮುಂದೆ ಏಣಾಕ್ಷಿ ಭವನಾನಿ ಎಂಬ ಹೆಸರಿನಿಂದ ಭಾರತೀಯ ನೃತ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು.

ನಮ್ಮ ದೇಶದ ಮೂಕಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ಆದರೆ ‘ಶಿರಾಜ್’ ಲಂಡನ್ನಿನಲ್ಲಿ ಜೋಪಾನವಾಗಿದ್ದು, 2017ರಲ್ಲಿ ದುರಸ್ತಿಗೊಂಡು ಮತ್ತೆ ತೆರೆ ಕಂಡಿತು. ಕಾಪಾಡುವವರಿದ್ದರೆ ಕಲೆ ಉಳಿದೀತು. ಮನೆಯ ಹಳೆಯ ಫೋಟೋ, ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ ಇದನ್ನು ನೆನೆಯಿರಿ.